ಗಾಜಿನೊಳಗೊಂದು ತೋಡು: ಕಡಿಮೆ ಖರ್ಚಿನ ಗಿಡಗಳ ಅಕ್ವೇರಿಯಂ

ಏಪ್ರಿಲ್ ರಜೆ ಶುರುವಾಗಿ ವಾರವಾಗಿರಲಿಲ್ಲ, ಬೆಳ್ಳಂಬೆಳಗ್ಗೆ ಅಕ್ಕನ ಮಗನ ಫೋನು. ಕಾಸರಗೋಡಿನ ಬದಿಯಡ್ಕದಿಂದ ಒಳಗೆ ಅವರ ಮನೆ. "ಮಾವ, ಟ್ಯಾಂಕಿನ ನೀರು ಗಂಜಿತೆಳಿಯ ಹಾಗೆ ಬೆಳ್ಳಗಾಗಿತ್ತು. ಅಜ್ಜಿ ಸ್ವಲ್ಪ ವೀಳ್ಯದ ಸುಣ್ಣ ಹಾಕು, ತಿಳಿಯಾಗ್ತದೆ ಅಂದ್ರು. ಹಾಕಿದೆ. ಈಗ ನೋಡಿದ್ರೆ ಐದರಲ್ಲಿ ಮೂರು ಗಪ್ಪಿ ಮೇಲೆ ಬಂದಿದೆ." ಮೇಲೆ ಬರುವುದೆಂದರೆ ಹೊಟ್ಟೆ ಮೇಲೆ ಮಾಡಿ ತೇಲುವುದು.

ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ನೋಡಿ ಮಕ್ಕಳಿಗೆಲ್ಲ ಈಗ ಗಾಜಿನೊಳಗೆ ಕಾಡು ಬೇಕು. ಅಂಗಡಿಗೆ ಹೋದರೆ ಟ್ಯಾಂಕ್, ಮೀನು, ಬಣ್ಣದ ಕಲ್ಲು ಎಲ್ಲ ಒಂದೇ ದಿನ ಕೈಗೆ ಬರುತ್ತದೆ. ಮನೆಗೆ ತಂದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಬರುವುದಿಲ್ಲ. ಅಜ್ಜಿಯದ್ದೂ ತಪ್ಪಲ್ಲ, ಬಾವಿಗೆ ಸುಣ್ಣ ಹಾಕಿ ನೀರು ತಿಳಿಮಾಡಿದ ಕಾಲದವರು. ಆ ಸುಣ್ಣ ಮೀನನ್ನು ಹೇಗೆ ಕೊಂದಿತು ಎಂಬುದು ತಿಳಿದರೆ ಅಕ್ವೇರಿಯಂನ ಮುಕ್ಕಾಲು ಪಾಠ ತಿಳಿದ ಹಾಗೆ. ಅಲ್ಲಿಗೆ ಬರುವ ಮೊದಲು ನೀರು ಯಾಕೆ ಬೆಳ್ಳಗಾಯಿತು ಎಂದು ನೋಡೋಣ.

ಹಟ್ಟಿಯ ವಾಸನೆ ಮತ್ತು ಗಾಜಿನ ಪೆಟ್ಟಿಗೆ

ಬೆಳಗ್ಗೆ ದನದ ಹಟ್ಟಿಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಉಂಟಲ್ಲ, ಅದು ಅಮೋನಿಯ. ಮೀನು ಕೂಡ ಅಮೋನಿಯವನ್ನೇ ಹೊರಹಾಕುತ್ತದೆ, ಬಹುಪಾಲು ಕಿವಿರಿನ ಮೂಲಕ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಹಟ್ಟಿಯಲ್ಲಿ ಅದು ಗಾಳಿಗೆ ಹೋಗುತ್ತದೆ, ಹೊಳೆಯಲ್ಲಾದರೆ ಹರಿದುಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಮೀನು ತನ್ನ ಮೂತ್ರದಲ್ಲೇ ಉಸಿರಾಡಬೇಕಾಗುತ್ತದೆ.

ಪ್ರಕೃತಿಯಲ್ಲಿ ಇದಕ್ಕೊಂದು ಏರ್ಪಾಡಿದೆ. ಒಂದು ಜಾತಿಯ ಬ್ಯಾಕ್ಟೀರಿಯಾ (ನೈಟ್ರೊಸೊಮೊನಾಸ್ ಎಂಬುದು ಅದರಲ್ಲಿ ಒಂದು) ಅಮೋನಿಯವನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ನೈಟ್ರೊಸ್ಪೈರಾ ಎಂಬ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಎಂದರೆ ಗೊಬ್ಬರ. ಮಿತಿಯಲ್ಲಿದ್ದರೆ ಮೀನಿಗೆ ತೊಂದರೆಯಿಲ್ಲ, ಗಿಡಕ್ಕೆ ಊಟ. ಇದನ್ನೇ ನೈಟ್ರೊಜನ್ ಚಕ್ರ ಎನ್ನುತ್ತಾರೆ. ಅಕ್ವೇರಿಯಂನವರು "ಟ್ಯಾಂಕ್ ಸೈಕಲ್ ಆಗಿದೆಯಾ" ಎಂದು ಕೇಳುವುದು ಇದನ್ನು.

ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಈಜಾಡುವುದಕ್ಕಿಂತ ಹೆಚ್ಚಾಗಿ ಹೊಯ್ಗೆ (ಮರಳು), ಗಾಜು, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬದುಕುತ್ತವೆ. ಬೆಳೆಯುವುದು ಬಲು ನಿಧಾನ. ಹೊಸ ತೊಟ್ಟಿಯಲ್ಲಿ ಸಾಕಷ್ಟು ಸಂಖ್ಯೆಗೆ ಬರಲು ನಾಲ್ಕರಿಂದ ಆರು ವಾರ ಬೇಕು. ಅಳಿಯ ಕಂಡ ಬಿಳಿ ಬಣ್ಣ ಬೇರೆಯೇ ಒಂದು ಸಂತೆ: ಮಿಕ್ಕಿದ ಆಹಾರ ಸಿಕ್ಕಿದ ಖುಷಿಗೆ ನೀರಿನಲ್ಲೇ ದಿಢೀರನೆ ಹೆಚ್ಚುವ ಸಾಮಾನ್ಯ ಬ್ಯಾಕ್ಟೀರಿಯಾ. ಆಹಾರ ನಿಲ್ಲಿಸಿ, ಗಾಳಿ ಆಡಿಸಿ ಸುಮ್ಮನಿದ್ದರೆ ಕೆಲವೇ ದಿನಗಳಲ್ಲಿ ಅದಾಗಿಯೇ ತಿಳಿಯಾಗುತ್ತದೆ. ಸುಮ್ಮನಿರುವುದೇ ಕಷ್ಟ.

ಗಿಡ ಬಂದರೆ ಏನು ಬದಲಾಗುತ್ತದೆ

ನೀರಿನ ಗಿಡ ಅಮೋನಿಯ ನೈಟ್ರೇಟ್ ಆಗುವವರೆಗೆ ಕಾಯುವುದಿಲ್ಲ. ಹೆಚ್ಚಿನ ಗಿಡಗಳು ಅಮೋನಿಯವನ್ನೇ ಮೊದಲು ಹೀರುತ್ತವೆ. ಹಗಲು ಆಮ್ಲಜನಕ ಬಿಡುತ್ತವೆ, ಬೇರು ಎಲೆಗಳ ಮೇಲೆಲ್ಲ ಬ್ಯಾಕ್ಟೀರಿಯಾಕ್ಕೆ ಜಾಗ ಕೊಡುತ್ತವೆ. ಅಂದರೆ ಚೆನ್ನಾಗಿ ಬೆಳೆಯುವ ಗಿಡ ಅಲಂಕಾರದ ಜೊತೆಗೆ ಫಿಲ್ಟರಿನ ಕೆಲಸವನ್ನೂ ಮಾಡುತ್ತದೆ.

ಇದು ಹೊಸ ವಿಷಯವೇನಲ್ಲ. ಲಂಡನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗ ಇದುವೇ. ಹನ್ನೆರಡು ಗ್ಯಾಲನ್, ಅಂದರೆ ಸುಮಾರು 54 ಲೀಟರಿನ ಗಾಜಿನ ಪಾತ್ರೆ. ಅದರಲ್ಲಿ ಎರಡು ಗೋಲ್ಡ್‌ಫಿಶ್, ಹೊಯ್ಗೆ, ವ್ಯಾಲಿಸ್ನೇರಿಯಾ ಎಂಬ ಹುಲ್ಲಿನಂಥ ಗಿಡ. ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆತ ಕೆರೆಯ ಬಸವನಹುಳ ತಂದು ಬಿಟ್ಟ, ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಕರೆಂಟಿಲ್ಲ, ಪಂಪಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಎರಡಡಿಯ ಟ್ಯಾಂಕೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಇನ್ನೊಂದು ತುದಿಯಲ್ಲಿ ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ಇದ್ದಾರೆ. ವಿಡಿಯೊಗಳಲ್ಲಿ ಕಾಣುವ ಕಾಡು, ಬೆಟ್ಟ, ಹುಲ್ಲುಗಾವಲಿನ ತೊಟ್ಟಿಗಳೆಲ್ಲ ಅವರು ತೋರಿಸಿದ ದಾರಿಯವು. ಲಿಸ್ಬನ್ ನಗರದ ಓಷನೇರಿಯಂನಲ್ಲಿ 2015ರಲ್ಲಿ ಅವರು ಮಾಡಿದ ತೊಟ್ಟಿ 40 ಮೀಟರ್ ಉದ್ದವಿದೆ. ಆ ಮಾದರಿಗೆ ಪ್ರಖರ ಬೆಳಕು, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್, ದಿನದಿನವೂ ದ್ರವ ಗೊಬ್ಬರ ಬೇಕು. ಕಡಿಮೆ ಖರ್ಚಿನವರಿಗೆ ಹೊಂದುವುದು ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಪ್ರಚಾರ ಮಾಡಿದ ಪದ್ಧತಿ: ಅಡಿಯಲ್ಲಿ ಸಾಧಾರಣ ಮಣ್ಣು, ಮೇಲೆ ಹೊಯ್ಗೆ, ತುಂಬ ಗಿಡ, ಕೆಲವೇ ಮೀನು.

ಎರಡಕ್ಕೂ ಇರುವ ವ್ಯತ್ಯಾಸ ನನಗೆ ಕಂಡ ಮಟ್ಟಿಗೆ ಇಷ್ಟು. ದುಬಾರಿ ಸಾಮಾನುಗಳಲ್ಲಿ ಮುಕ್ಕಾಲು ಪಾಲು ದಿನಗಳನ್ನು ಕೊಂಡುಕೊಳ್ಳುವ ಸಾಮಾನು. ಆರು ತಿಂಗಳ ಬೆಳವಣಿಗೆ ಆರು ವಾರದಲ್ಲಿ ಬೇಕೆಂದರೆ ದುಡ್ಡು ಕೊಡಬೇಕು, ಕಾಯುತ್ತೇನೆಂದರೆ ಬೇಡ. ಅಡಿಕೆ ಸಸಿ ನೆಟ್ಟು ಐದು ವರ್ಷ ಕಾಯುವ ಊರಿನವರಿಗೆ ಎರಡನೆಯ ದಾರಿ ಅಷ್ಟೇನೂ ಕಷ್ಟವಾಗಬಾರದು.

ನಮ್ಮ ನೀರಿನ ಸ್ವಭಾವ

ಗಾಜಿಗಿಂತ, ಮೀನಿಗಿಂತ ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ನೀರನ್ನು. ಕಾಸರಗೋಡಿನ ಒಳನಾಡಿನಲ್ಲಿ ಬಾವಿ, ಸುರಂಗ, ತೋಡು ಯಾವುದಾದರೂ ನೀರು ಬರುವುದು ಹೆಚ್ಚಾಗಿ ಮುರಕಲ್ಲಿನ ಒಳಗಿನಿಂದ. (ಹೊರಗಿನ ಓದುಗರಿಗೆ: ಮುರಕಲ್ಲೆಂದರೆ ಜಂಬಿಟ್ಟಿಗೆ ಕಲ್ಲು, ತೋಡೆಂದರೆ ಸಣ್ಣ ಹಳ್ಳ. ಸುರಂಗವೆಂದರೆ ಇಲ್ಲಿ ದಾರಿಯಲ್ಲ, ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಕೊರೆದು ಜಿನುಗುವ ನೀರನ್ನು ಹೊರಗೆ ಹರಿಸುವ ಬಾವಿ.) ಮುರಕಲ್ಲಿನಲ್ಲಿ ಕಬ್ಬಿಣ ಧಾರಾಳ, ಸುಣ್ಣದ ಅಂಶ ಬಹಳ ಕಡಿಮೆ. ಆದ್ದರಿಂದ ನಮ್ಮ ನೀರು ಮೆದು ಮತ್ತು ತುಸು ಹುಳಿ.

ಮೆದು ನೀರೆಂದರೇನು ಎಂದು ತಿಳಿಯಲು ಯಂತ್ರ ಬೇಡ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸಾಬೂನು ನೊರೆಯೇ ಬರುವುದಿಲ್ಲ. ಅಲ್ಲಿಂದ ಬಂದ ನೆಂಟರು ನಮ್ಮಲ್ಲಿ ಸ್ನಾನ ಮಾಡಿದರೆ ಎಷ್ಟು ನೀರು ಹಾಕಿದರೂ ಸಾಬೂನು ಹೋಗಲಿಲ್ಲ ಎನ್ನುತ್ತಾರೆ. ಅದೇ ಪರೀಕ್ಷೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಗಡಸು, ಕಡಿಮೆಯಿದ್ದರೆ ಮೆದು. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಳತೆಯಲ್ಲಿ: 7 ಎಂದರೆ ನಡುವಿನದ್ದು, ಅದಕ್ಕಿಂತ ಕೆಳಗೆ ಹುಣಿಸೆಹಣ್ಣಿನ ಕಡೆ, ಮೇಲೆ ಸುಣ್ಣದ ಕಡೆ. ಮುರಕಲ್ಲಿನ ಬಾವಿ ನೀರು 6.5ಕ್ಕಿಂತ ಕೆಳಗಿರುವುದು ಸಾಮಾನ್ಯ.

ಈಗ ಸುಣ್ಣದ ವಿಚಾರ. ನೀರಿನಲ್ಲಿ ಅಮೋನಿಯ ಎರಡು ವೇಷದಲ್ಲಿರುತ್ತದೆ. ಒಂದು ಅಮೋನಿಯಂ, ಹೆಚ್ಚು ಅಪಾಯವಿಲ್ಲದ್ದು. ಇನ್ನೊಂದು ನಿಜವಾದ ವಿಷ. ಯಾವ ವೇಷ ಎಷ್ಟು ಎಂಬುದನ್ನು ನಿರ್ಧರಿಸುವುದು ಪಿಎಚ್ ಮತ್ತು ಬಿಸಿ. ನಮ್ಮ ಸೆಖೆಯ 28 ಡಿಗ್ರಿಯಲ್ಲಿ, ಪಿಎಚ್ 6.5 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷವಾಗಿರುವುದು ಸಾವಿರಕ್ಕೆ ಎರಡು ಪಾಲು. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ ಆರೇಳು ಪಾಲಾಗುತ್ತದೆ, 9 ದಾಟಿದರೆ ಅರ್ಧಕ್ಕೆ ಹತ್ತಿರ. ಅಳಿಯನ ತೊಟ್ಟಿಯಲ್ಲಿ ಮೂರು ದಿನದ ಅಮೋನಿಯ ಇತ್ತು, ನೀರಿನ ಹುಳಿ ಅದನ್ನು ಹಿಡಿದಿಟ್ಟಿತ್ತು. ಬೆರಳ ತುದಿಯ ಸುಣ್ಣ ಬಿತ್ತು, ಪಿಎಚ್ ಜಿಗಿಯಿತು, ಅದೇ ಅಮೋನಿಯ ರಾತ್ರಿ ಕಳೆಯುವುದರೊಳಗೆ ವೇಷ ಬದಲಿಸಿತು. ಪಿಎಚ್ ಹಾಗೆ ಒಮ್ಮೆಲೇ ಜಿಗಿಯುವುದೇ ಮೀನಿಗೊಂದು ಪೆಟ್ಟು, ಅದು ಬೇರೆ. ಬಾವಿಯಲ್ಲಿ ಹೀಗಾಗದೆ ಇದ್ದದ್ದಕ್ಕೆ ಕಾರಣ ಬಾವಿಯ ಸಾವಿರಾರು ಲೀಟರ್ ನೀರು.

ಮೆದು ನೀರಿಗೆ ಜಿಗಿತ ತಡೆಯುವ ಶಕ್ತಿ ಇರುವುದಿಲ್ಲ. ಜೊತೆಗೆ ಪಿಎಚ್ 6ಕ್ಕಿಂತ ಕೆಳಗಿಳಿದರೆ ನಮ್ಮ ಒಳ್ಳೆಯ ಬ್ಯಾಕ್ಟೀರಿಯಾ ಕೆಲಸ ನಿಧಾನಿಸುತ್ತವೆ. ಇದಕ್ಕೆ ನಾನು ಮಾಡುವುದು ಸುಲಭದ ಉಪಾಯ. ಕುಂಬಳೆ ಕಡಲಬದಿಯಲ್ಲಿ ಹೆಕ್ಕಿದ ಮೂರು ನಾಲ್ಕು ಮರುವಾಯಿ ಚಿಪ್ಪು ಕುದಿಸಿ ತೊಳೆದು ಫಿಲ್ಟರಿನ ಬಳಿ ಇಡುವುದು. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಹುಳಿ ಕಡಿಮೆಯಾದರೆ ಕರಗುವುದು ತಾನೇ ನಿಲ್ಲುತ್ತದೆ. ಅಳಿಯನ ಅಜ್ಜಿ ಅದನ್ನು ನೋಡಿ, "ಇದೂ ಸುಣ್ಣವೇ ಅಲ್ವಾ?" ಎಂದು ಕೇಳಿದರಂತೆ. ಹೌದು, ಸುಡದ ಸುಣ್ಣ.

ನೀರಿನ ಬಗ್ಗೆ ಇನ್ನು ಮೂರು ಎಚ್ಚರಿಕೆ. ಸುರಂಗ ಅಥವಾ ಆಳದ ಬಾವಿಯಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಒಂದು ರಾತ್ರಿ ಬಾಲ್ದಿಯಲ್ಲಿ ತೆರೆದಿಟ್ಟು ಬಳಸಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕ್ಲೋರಿನ್ ವಾಸನೆ ಪೂರ್ತಿ ಹೋಗುವವರೆಗೆ ಆ ನೀರು ಬೇಡ. ಪೇಟೆಯ ನಲ್ಲಿ ನೀರಿಗೂ ಇದೇ ಮಾತು. ಮೂರನೆಯದು ನಮ್ಮದೇ ವಿಶೇಷ: ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಮದ್ದು. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತು ಎಂದರೆ ತಾಮ್ರ. ತೀರಾ ಸ್ವಲ್ಪ ತಾಮ್ರ ಸಾಕು, ಸಿಗಡಿ ಮತ್ತು ಬಸವನಹುಳ ಸಾಯುತ್ತವೆ. ಮದ್ದು ಬಿಟ್ಟ ತೋಟದ ಕೆರೆಯ ನೀರು, ಅಲ್ಲಿನ ಮಣ್ಣು, ಮದ್ದು ಕಲಸಿದ ಬಾಲ್ದಿ ಇವು ಮೂರೂ ಟ್ಯಾಂಕಿನ ಹತ್ತಿರ ಬರಬಾರದು.

ತೊಟ್ಟಿ

ಚಿಕ್ಕದು ಸುಲಭ ಎಂಬುದು ತಪ್ಪು ತಿಳಿವಳಿಕೆ. ನೀರು ಕಡಿಮೆಯಾದಷ್ಟೂ ತಪ್ಪಿಗೆ ಕ್ಷಮೆ ಕಡಿಮೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯ ಗಾತ್ರ 56 ಲೀಟರ್. ಕಲಿಯುವುದಕ್ಕೆ ಅದು ಹದವಾದ ಅಳತೆ. ಆ ಎತ್ತರಕ್ಕೆ 5 ಮಿಲಿಮೀಟರ್ ಗಾಜು ಸಾಕು. ಗಾಜಿನ ಅಂಗಡಿಯಲ್ಲಿ ಅಳತೆ ಕೊಟ್ಟು ಕತ್ತರಿಸಿ ಮನೆಯಲ್ಲೇ ಅಂಟಿಸುವವರೂ ಇದ್ದಾರೆ. ಸಿಲಿಕಾನ್ ತರುವಾಗ ಬಚ್ಚಲುಮನೆಗೆಂದು ಬೂಸ್ಟುನಿರೋಧಕ ಸೇರಿಸಿದ್ದನ್ನು ತರಬೇಡಿ, ಅದರಲ್ಲಿರುವ ಮದ್ದು ಮೀನಿಗೂ ಮದ್ದೇ. ಅಂಟಿಸಿ ಕೆಲವು ದಿನ ಒಣಗಿದ ಮೇಲೆ ಅಂಗಳದಲ್ಲಿ ನೀರು ತುಂಬಿಸಿ ಎರಡು ದಿನ ಸೋರಿಕೆ ನೋಡಿ.

ನೀರು, ಮಣ್ಣು, ಗಾಜು ಎಲ್ಲ ಸೇರಿ ಒಂದೂವರೆ ಮೂಟೆ ಸಿಮೆಂಟಿನಷ್ಟು ಭಾರ. ಪ್ಲಾಸ್ಟಿಕ್ ಸ್ಟೂಲು, ಹಳೆಯ ಟಿವಿ ಸ್ಟ್ಯಾಂಡು ತಾಳುವುದಿಲ್ಲ. ಅಡಿಗೆ ಥರ್ಮೊಕೋಲ್ ಹಾಳೆ ಹಾಕಿ, ಬಿಸಿಲು ನೇರ ಬೀಳದ ಮೂಲೆಯಲ್ಲಿಡಿ.

ಮಣ್ಣು, ಹೊಯ್ಗೆ, ಒಂದು ಹಾಳೆಯ ತುಂಡು

ಅಂಗಡಿಯಲ್ಲಿ ಸಿಗುವ "ಅಕ್ವಾ ಸಾಯಿಲ್" ಸುಟ್ಟ ಮಣ್ಣಿನ ಉಂಡೆ. ಒಳ್ಳೆಯದೇ, ಆದರೆ ಇಡೀ ಟ್ಯಾಂಕಿಗಿಂತ ಅದಕ್ಕೇ ಹೆಚ್ಚು ದುಡ್ಡಾಗಬಹುದು. ನಮ್ಮಲ್ಲಿ ಹಿತ್ತಿಲ ಮಣ್ಣು ಸಾಕು, ತಯಾರಿ ಸರಿಯಿದ್ದರೆ.

ಮೊದಲ ಸಲ ನಾನೇ ಕೆಟ್ಟೆ. ಫಲವತ್ತಾಗಿರಲಿ ಎಂದು ಗೊಬ್ಬರದ ಗುಂಡಿಯ ಬದಿಯ ಕಪ್ಪು ಮಣ್ಣು ತಂದು ಹಾಕಿದೆ. ಹತ್ತು ದಿನದಲ್ಲಿ ಹೊಯ್ಗೆಯ ಅಡಿಯಿಂದ ಗುಳ್ಳೆ ಏಳತೊಡಗಿತು, ಜಗಲಿಯೆಲ್ಲ ಕೊಳೆತ ಮೊಟ್ಟೆಯ ನಾತ. ಗಾಳಿಯಾಡದ ಕಡೆ ಕೊಳೆಯುವ ಗೊಬ್ಬರದಿಂದ ಬರುವ ಹೈಡ್ರೊಜನ್ ಸಲ್ಫೈಡ್ ಅದು; ಬೇರನ್ನೂ ಕೊಳೆಸುತ್ತದೆ, ಮೀನನ್ನೂ ಕೊಲ್ಲುತ್ತದೆ. ಎಲ್ಲ ಬಗೆದು ಹೊರಹಾಕಿದೆ.

ಈಗ ಮಾಡುವ ಕ್ರಮ ಹೀಗೆ. ಹಟ್ಟಿಗೊಬ್ಬರ, ಮದ್ದು ಎರಡೂ ಮುಟ್ಟದ ಜಾಗದಿಂದ ಎರಡು ಪಾಲು ಕೆಂಪು ಮಣ್ಣು, ಮರದಡಿಯ ಹಳೆಯ ಎಲೆಮಣ್ಣು ಒಂದು ಪಾಲು. ಕೆಂಪು ಮಣ್ಣು ಕಬ್ಬಿಣ ಕೊಡುತ್ತದೆ, ಎಲೆಮಣ್ಣು ಊಟ ಕೊಡುತ್ತದೆ. ಬಾಲ್ದಿಗೆ ಹಾಕಿ ನೀರು ತುಂಬಿ ಕದಡಿದರೆ ಬೇರು, ಕಡ್ಡಿ, ಅರೆಕೊಳೆತ ಎಲೆ ಮೇಲೆ ತೇಲುತ್ತದೆ; ಅದನ್ನು ಚೆಲ್ಲಿ. ನಾಲ್ಕೈದು ಸಲ ಹೀಗೆ. ಆಮೇಲೆ ಅಂಗಳದಲ್ಲಿ ಚೆನ್ನಾಗಿ ಒಣಗಿಸಿ, ಮತ್ತೆ ಒದ್ದೆ ಮಾಡಿ, ಮತ್ತೆ ಒಣಗಿಸಿ ಜರಡಿ ಹಿಡಿಯಿರಿ. ಒದ್ದೆ–ಒಣ ಮಾಡಿದಷ್ಟೂ ಕೊಳೆಯಬೇಕಾದ್ದು ಹೊರಗೇ ಕೊಳೆತು ಮುಗಿಯುತ್ತದೆ. ತೊಟ್ಟಿಯ ಅಡಿಯಲ್ಲಿ ಈ ಮಣ್ಣು ಒಂದು ಇಂಚು, ಹೆಚ್ಚು ಬೇಡ.

ಮೇಲೆ ಒಂದೂವರೆ ಇಂಚು ಹೊಯ್ಗೆ. ಮನೆ ಕಟ್ಟುವಾಗ ಉಳಿದ ಹೊಳೆಯ ಹೊಯ್ಗೆಯಲ್ಲಿ ಸಿಮೆಂಟು ಬೆರೆಯದಿದ್ದರೆ ಅದೇ ಸಾಕು, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು ಅಷ್ಟೆ. ಕಡಲ ಹೊಯ್ಗೆ ಬೇಡ, ಉಪ್ಪು ಮತ್ತು ಚಿಪ್ಪಿನ ಪುಡಿ ಎರಡೂ ಅದರಲ್ಲಿರುತ್ತದೆ.

ನೀರು ಹೊಯ್ಯುವಾಗ ಹೊಯ್ಗೆ ಗುಂಡಿಬಿದ್ದು ಕೆಂಪು ಮಣ್ಣು ಎದ್ದರೆ ಒಂದು ವಾರ ಚಹಾದಂತೆ ಕಾಣುತ್ತದೆ. ಅಡಿಕೆ ಹಾಳೆಯ ತುಂಡೊಂದನ್ನು ಹೊಯ್ಗೆಯ ಮೇಲಿಟ್ಟು ಅದರ ಮೇಲೆ ಚೆಂಬಿನಿಂದ ನಿಧಾನ ಸುರಿಯಿರಿ. ನೀರು ಏರಿದ ಹಾಗೆ ಹಾಳೆ ತಾನೇ ತೇಲಿ ಮೇಲೆ ಬರುತ್ತದೆ.

ಕೆಸುವಿನ ನೆಂಟರು

ಅಗ್ಗದ ಗಿಡಗಳಲ್ಲಿ ಎರಡು ಪಂಗಡ. ಬೇಗ ಬೆಳೆಯುವ ದಂಟಿನ ಗಿಡಗಳು: ವಾಟರ್ ವಿಸ್ಟೀರಿಯಾ, ಹೈಗ್ರೊಫಿಲಾ, ರೊಟಾಲಾ, ಹೈಡ್ರಿಲ್ಲಾ. ಶಾಲೆಯಲ್ಲಿ ಬೀಕರಿನೊಳಗೆ ಫನೆಲ್ ಮಗುಚಿ, ಮೇಲೆ ಪ್ರನಾಳ ಇಟ್ಟು, ಬಿಸಿಲಲ್ಲಿ ಗುಳ್ಳೆ ತೋರಿಸಿದ್ದು ನೆನಪಿದೆಯೇ? ಆ ಗಿಡವೇ ಹೈಡ್ರಿಲ್ಲಾ. ಒಂದು ಕಡ್ಡಿ ಚುಚ್ಚಿದರೆ ಹತ್ತಾಗುತ್ತದೆ. ತೋಡಿನಿಂದ ತಂದರೆ ದುಡ್ಡೂ ಇಲ್ಲ, ಆದರೆ ಜಿಗಣೆ, ಹುಳದ ಮೊಟ್ಟೆ ಜೊತೆಗೆ ಬರುತ್ತದೆ. ಬೇರೆ ಬಾಲ್ದಿಯಲ್ಲಿ ಎರಡು ವಾರ ಇಟ್ಟು, ನೋಡಿ ಹಾಕಿ.

ಎರಡನೆಯದು ನಿಧಾನದ ಪಂಗಡ. ಅನೂಬಿಯಾಸ್, ಕ್ರಿಪ್ಟೊಕೊರಿನ್ ಎಂಬ ಹೆಸರು ಕೇಳಿ ಗಾಬರಿ ಬೇಡ, ಎರಡೂ ಪತ್ರೊಡೆ ಮಾಡುವ ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೇ ಸೇರಿದವು. ಕೆರೆಯಲ್ಲಿ ತೇಲುವ ಅಂತರಗಂಗೆಯೂ ಅದೇ ಕುಟುಂಬ. ಅನೂಬಿಯಾಸ್ ಪಶ್ಚಿಮ ಆಫ್ರಿಕದ ಕಡೆಯದು. ಕ್ರಿಪ್ಟೊಕೊರಿನ್‌ನಲ್ಲಿ ಕೆಲವು ಜಾತಿ ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲೇ ಕಲ್ಲಿನ ಸಂದಿಗಳಲ್ಲಿ ಬೆಳೆಯುತ್ತವೆ. ಅನೂಬಿಯಾಸ್ ಮತ್ತು ಜಾವಾ ಫರ್ನ್‌ಗಳಿಗೆ ಶುಂಠಿಯ ಹಾಗೆ ಅಡ್ಡ ಹರಿಯುವ ದಂಟು ಇರುತ್ತದೆ. ಶುಂಠಿಯೆಂದು ತಿಳಿದು ಹೂತುಬಿಟ್ಟರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ನೂಲಿನಿಂದ ಕಟ್ಟಬೇಕು. ಇವೆರಡಕ್ಕೂ ಕಡಿಮೆ ಬೆಳಕು ಸಾಕು.

ನೆಟ್ಟ ಒಂದೆರಡು ವಾರದಲ್ಲಿ ಕೆಲವು ಗಿಡದ ಎಲೆಗಳೆಲ್ಲ ಕರಗಿ ಲೋಳೆಯಾಗುತ್ತವೆ. ಸತ್ತಿತೆಂದು ಕಿತ್ತು ಬಿಸಾಡುವವರೇ ಹೆಚ್ಚು. ನರ್ಸರಿಗಳಲ್ಲಿ ಈ ಗಿಡಗಳನ್ನು ಹೆಚ್ಚಾಗಿ ಬೇರು ನೀರಲ್ಲಿ, ಎಲೆ ಗಾಳಿಯಲ್ಲಿ ಇಟ್ಟು ಬೆಳೆಸುತ್ತಾರೆ. ಗಾಳಿಯ ಎಲೆ ನೀರಿನೊಳಗೆ ನಡೆಯುವುದಿಲ್ಲ, ಗಿಡ ಅದನ್ನು ಬಿಟ್ಟು ತೆಳುವಾದ ಹೊಸ ಎಲೆ ಹಾಕುತ್ತದೆ. ಬೇರು ಗಟ್ಟಿಯಿದ್ದರೆ ಕೊಳೆತ ಎಲೆ ಕತ್ತರಿಸಿ ಕಾಯಿರಿ.

ಬೆಳಕು ಮತ್ತು ಹಾವಸೆ

ಗಿಡಕ್ಕೆ ಬೇಕಾದ್ದು ಬೆಳಕು, ಇಂಗಾಲದ ಡೈಆಕ್ಸೈಡ್, ಗೊಬ್ಬರ. ಒಲೆಯ ಮೂರು ಕಲ್ಲುಗಳಂತೆ ಇವು. ಒಂದನ್ನೇ ಎತ್ತರ ಮಾಡಿದರೆ ಪಾತ್ರೆ ಮಗುಚುತ್ತದೆ. ಕರಗಿದ ಅನಿಲ ನೀರಿನಲ್ಲಿ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಹೀಗಾಗಿ ನೀರಿನೊಳಗೆ ಮೊದಲು ಕೊರತೆಯಾಗುವುದು ಇಂಗಾಲದ ಡೈಆಕ್ಸೈಡ್. ಸಿಲಿಂಡರ್ ಇಲ್ಲದವರು ಬೆಳಕನ್ನು ಅದಕ್ಕೆ ತಕ್ಕಂತೆ ಇಳಿಸಬೇಕು. ಅಡಿಯ ಮಣ್ಣು ನಿಧಾನ ಕೊಳೆಯುತ್ತ ಬಿಡುವ ಅನಿಲವೇ ಸಾಧಾರಣ ಬೆಳಕಿಗೆ ಸಾಕಾಗುತ್ತದೆ.

ಅಕ್ವೇರಿಯಂಗೆಂದೇ ಮಾಡಿದ ದೀಪ ಬೇಕಿಲ್ಲ. ಡಬ್ಬಿಯ ಮೇಲೆ 6500ಕೆ ಎಂದು ಬರೆದ 9 ವಾಟ್‌ನ ಎರಡು ಎಲ್‌ಇಡಿ ಬಲ್ಬು ಎರಡಡಿ ತೊಟ್ಟಿಗೆ ಸಾಕು. ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ಆಮೇಲೆ ಏಳೆಂಟು. ಏಳು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ ನಾಲ್ಕು ಯೂನಿಟಿಗಿಂತ ಕಡಿಮೆ. 3 ವಾಟ್‌ನ ಏರ್ ಪಂಪು ಹಗಲೂ ರಾತ್ರಿ ಓಡಿದರೆ ಎರಡು ಯೂನಿಟಿನ ಆಸುಪಾಸು.

ಹಾವಸೆ, ಅಂದರೆ ಪಾಚಿ, ಬರುವುದು ಬೆಳಕು ಹೆಚ್ಚಾಗಿ ಗಿಡ ಕಡಿಮೆಯಾದಾಗ. ಸಸಿ ಚಿಕ್ಕದಿರುವ ತೋಟದಲ್ಲಿ ಕಳೆ ಹೇಗೆ ಎದ್ದು ಬರುತ್ತದೋ ಹಾಗೆ. ಅದಕ್ಕೇ ಮೊದಲ ದಿನವೇ ನೆಲ ಕಾಣದಷ್ಟು ಅಗ್ಗದ ದಂಟಿನ ಗಿಡ ನೆಡಬೇಕು. ನಿಧಾನದ ಗಿಡ ಬೇರೂರಿದ ಮೇಲೆ ಬೇಕಾದರೆ ಕಿತ್ತರಾಯಿತು. ಹೊಸ ತೊಟ್ಟಿಯ ಗಾಜಿನ ಮೇಲೆ ಬರುವ ಕಂದು ಪುಡಿಯಂಥದ್ದು ಒರೆಸಿದರೆ ಹೋಗುತ್ತದೆ, ಒಂದೆರಡು ತಿಂಗಳಲ್ಲಿ ಬರುವುದೂ ನಿಲ್ಲುತ್ತದೆ.

ಹೆಪ್ಪು ಹಾಕುವುದು

ನೀರು ತುಂಬಿದ ದಿನವೇ ಮೀನು ಬಿಡಬಾರದು. ಹಾಗಾದರೆ ನಾಲ್ಕು ವಾರ ಸುಮ್ಮನೆ ನೋಡುತ್ತ ಕೂರಬೇಕೇ? ಸ್ವಲ್ಪ ಬೇಗ ಮಾಡಲು ದಾರಿಯುಂಟು. ಹಾಲಿಗೆ ಹೆಪ್ಪು ಹಾಕುವಂತೆ, ಆರೋಗ್ಯವಾಗಿರುವ ಹಳೆಯ ಟ್ಯಾಂಕಿನ ಫಿಲ್ಟರ್ ಸ್ಪಂಜನ್ನು ತಂದು ಹೊಸ ನೀರಿನಲ್ಲಿ ಹಿಂಡುವುದು. ನೋಡಲು ಕೊಳಕು, ಆದರೆ ಆ ಕೊಳೆಯ ತುಂಬ ನಮಗೆ ಬೇಕಾದ ಬ್ಯಾಕ್ಟೀರಿಯಾ. ಗೆಳೆಯರಲ್ಲಿ ಒಬ್ಬರ ಬಳಿ ಒಳ್ಳೆಯ ತೊಟ್ಟಿಯಿದ್ದರೆ ಬಾಟಲಿಯ ಬ್ಯಾಕ್ಟೀರಿಯಾ ಕೊಳ್ಳುವುದು ಬೇಡ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ, ಅದು ಕೊಳೆತು ಅವುಗಳಿಗೆ ಊಟವಾಗುತ್ತದೆ. ಅಮೋನಿಯ, ನೈಟ್ರೈಟ್ ಅಳೆಯುವ ಕಿಟ್ಟು ಒಬ್ಬರಿಗೆ ದುಬಾರಿಯೆನಿಸಿದರೆ ಮೂರು ಮನೆಯವರು ಸೇರಿ ತರಬಹುದು. ಎರಡೂ ಸೊನ್ನೆ ತೋರಿಸಿದರೆ ಮೀನಿಗೆ ಕಾಲ ಬಂತು.

ಈ ನಾಲ್ಕು ವಾರ ತೊಟ್ಟಿಗೆ ಸೊಳ್ಳೆಪರದೆಯ ಬಟ್ಟೆ ಮುಚ್ಚಿಡಿ. ಮೀನಿಲ್ಲದ ತಿಳಿನೀರು ಡೆಂಗ್ಯೂ ಸೊಳ್ಳೆಗೆ ಬಾಣಂತಿಕೋಣೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರ ಹತ್ತು ದಿನ ಸಾಕು.

ಮೊದಲಿಗೆ ಐದಾರು ಚಿಕ್ಕ ಮೀನು. ಗಪ್ಪಿ ಸ್ವಲ್ಪ ಗಡಸು ನೀರು ಬಯಸುವ ಮೀನು, ಚಿಪ್ಪು ಇಟ್ಟರೆ ನಮ್ಮಲ್ಲೂ ಚೆನ್ನಾಗಿರುತ್ತದೆ. ಗಂಡು ಹೆಣ್ಣು ಎರಡನ್ನೂ ತಂದರೆ ತಿಂಗಳಿಗೊಮ್ಮೆ ಮರಿ. ಆರು ತಿಂಗಳಲ್ಲಿ ಯಾರಿಗೆ ಕೊಡಲಿ ಎಂದು ಮನೆಮನೆ ತಿರುಗಬೇಕಾದೀತು. ನಿಯಾನ್ ಟೆಟ್ರಾ ಅಮೆಜಾನಿನ ಮೆದು, ಹುಳಿ ನೀರಿನದು. ನಮ್ಮ ನೀರು ಅದಕ್ಕೆ ತವರಿನ ಹಾಗೆ. ಗೋಲ್ಡ್‌ಫಿಶ್ ಬೇಡ, ಅದು ಗಿಡವನ್ನು ಸೊಪ್ಪಿನಂತೆ ತಿನ್ನುತ್ತದೆ, ಗೇಣುದ್ದ ಬೆಳೆಯುತ್ತದೆ. ಕೆಂಪು ಪಟ್ಟಿಯ "ಮಿಸ್ ಕೇರಳ" ನಮ್ಮ ಪಶ್ಚಿಮಘಟ್ಟದ ಹೊಳೆಗಳ ಮೀನು. 1865ರಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಅದನ್ನು ವರ್ಣಿಸಿ ಆಗಿನ ಮದ್ರಾಸ್ ಗವರ್ನರ್ ಡೆನಿಸನ್ನರ ಹೆಸರಿಟ್ಟರು. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ಹಿಂಡಾಗಿ ಈಜುವ ಸ್ವಭಾವ ಬೇರೆ. ಎರಡಡಿಯ ಗಾಜಿನಲ್ಲಿಡುವ ಆಸೆ ಬಿಡುವುದು ಒಳ್ಳೆಯದು.

ವಾರದ ಅರ್ಧ ಗಂಟೆ

ವಾರಕ್ಕೊಮ್ಮೆ ಕಾಲು ಪಾಲು ನೀರು ತೆಗೆದು ಹೊಸದು ಹಾಕುವುದು. ತೆಗೆದ ನೀರು ಮಲ್ಲಿಗೆಗೋ ಬಸಳೆಗೋ ಬಹಳ ಒಳ್ಳೆಯದು, ನೈಟ್ರೇಟ್ ಇರುತ್ತದೆ. ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ. ಸಾಬೂನು ತೊಟ್ಟಿಯ ಯಾವ ಭಾಗಕ್ಕೂ ಮುಟ್ಟಬಾರದು. ಆಹಾರ ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮನೆಗೆ ಬಂದ ನೆಂಟರು ಪ್ರೀತಿಯಿಂದ ಅನ್ನ, ಬಿಸ್ಕೆಟು ಹಾಕುವುದನ್ನು ತಡೆಯುವುದು ಮಾತ್ರ ನಿಮ್ಮ ನಿಮ್ಮ ಜಾಣ್ಮೆ.

ಮೊದಲ ಆರು ತಿಂಗಳು ಮಣ್ಣೇ ಗೊಬ್ಬರ. ಆಮೇಲೆ ಹಳೆಯ ಎಲೆಯಲ್ಲಿ ತೂತು, ಹಳದಿ ಕಂಡರೆ ಕೃಷಿ ಅಂಗಡಿಯ 13-0-45 ಸಾಕು. ತೋಟಕ್ಕೆ ಸಿಂಪಡಿಸುವ ಅದು ಪೊಟ್ಯಾಸಿಯಂ ನೈಟ್ರೇಟ್. ಬಣ್ಣದ ಬಾಟಲಿಯಲ್ಲಿ ಮಾರುವ ದ್ರವ ಗೊಬ್ಬರಗಳಲ್ಲೂ ಅನೇಕ ಸಲ ಇರುವುದು ಅದೇ. 50 ಲೀಟರಿಗೆ ಕಾಲು ಗ್ರಾಮ್ ಹಾಕಿದರೆ ಲೀಟರಿಗೆ ಸುಮಾರು 3 ಮಿಲಿಗ್ರಾಮ್ ನೈಟ್ರೇಟ್ ಸೇರುತ್ತದೆ. ವಾರಕ್ಕೆ ಅಷ್ಟು ಸಾಕು. ಯೂರಿಯಾ, 19-19-19 ಬೇಡವೇ ಬೇಡ. ಅವುಗಳಲ್ಲಿರುವುದು ಅಮೋನಿಯದ ಬಂಧುಗಳು, ಕಥೆ ಮತ್ತೆ ಸುಣ್ಣದ ರಾತ್ರಿಗೆ ಹೋಗುತ್ತದೆ.

ಇಲ್ಲಿ ಹೀಟರ್ ಬೇಕಿಲ್ಲ. ಕಷ್ಟ ಬರುವುದು ಮಾರ್ಚ್–ಮೇ ಸೆಖೆಯಲ್ಲಿ: 25 ಡಿಗ್ರಿಯ ನೀರು ಲೀಟರಿಗೆ 8 ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆಯಷ್ಟೇ ಹಿಡಿಯುತ್ತದೆ. ಗಿಡಗಳೂ ರಾತ್ರಿ ಉಸಿರಾಡಿ ಆಮ್ಲಜನಕ ತೆಗೆದುಕೊಳ್ಳುವುದರಿಂದ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ರಾತ್ರಿ ಏರ್ ಪಂಪ್ ಹಾಕಿ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೂ ಗಿಡ ತುಂಬಿದ, ಮೀನು ಕಡಿಮೆಯಿರುವ ತೊಟ್ಟಿ ತಡೆದುಕೊಳ್ಳುತ್ತದೆ. ಆ ದಿನಗಳಲ್ಲಿ ಆಹಾರ ಹಾಕಬೇಡಿ, ಗಂಟೆಗೊಮ್ಮೆ ಚೆಂಬಿನಿಂದ ನೀರು ಎತ್ತಿ ಎತ್ತರದಿಂದ ಸುರಿದರೆ ಸಾಕು.

ಬೇಡವಾದದ್ದನ್ನು ಎಲ್ಲಿ ಹಾಕುವುದು

2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಹತ್ತಿರದ ಆವಳ ಪಾಂಡಿಯಲ್ಲಿ ತೋಡಿಗೆ ತೋಡೇ ಗುಲಾಬಿ ಹೂವಿನಿಂದ ಮುಚ್ಚಿತ್ತು. ಫೋಟೊ ತೆಗೆಯಲು ಜನ ಮುಗಿಬಿದ್ದರು. ಅದು ಕಬೊಂಬಾ, ದಕ್ಷಿಣ ಅಮೆರಿಕದಿಂದ ಅಕ್ವೇರಿಯಂ ವ್ಯಾಪಾರದಲ್ಲಿ ಬಂದ ಗಿಡ. ತುಂಡು ತುಂಡಾದರೂ ಬೆಳೆಯುತ್ತದೆ, ನೀರಿನ ಹರಿವು ಕಟ್ಟುತ್ತದೆ, ಊರಿನ ಗಿಡಗಳನ್ನು ಮುಚ್ಚಿಹಾಕುತ್ತದೆ. ಗದ್ದೆಗಳನ್ನು ನುಂಗಿದ "ಆಫ್ರಿಕನ್ ಪಾಯಲ್" ಎಂಬ ತೇಲುಕಳೆ ಕೂಡ ಹೆಸರಿಗಷ್ಟೇ ಆಫ್ರಿಕದ್ದು, ಮೂಲ ಬ್ರೆಜಿಲ್ ಕಡೆ. 2018ರ ನೆರೆಯ ನಂತರ ಚಾಲಕ್ಕುಡಿ ಹೊಳೆಯಲ್ಲಿ ಬಲೆಗೆ ಬಿದ್ದ ಅರಪೈಮಾ ಅಮೆಜಾನಿನ ಮೀನು. ಯಾರೋ ಸಾಕಿದ್ದು ನೆರೆನೀರಿನೊಂದಿಗೆ ಹೊರಬಂದದ್ದು.

ನಮ್ಮಲ್ಲಿ ಅಂಗಳದ ನೀರು ತೋಡಿಗೆ, ತೋಡು ಶಿರಿಯಾ ಹೊಳೆಗೋ ಪಯಸ್ವಿನಿಗೋ ಸೇರುತ್ತದೆ. ಹಾಗಾಗಿ ಹೆಚ್ಚಾದ ಗಪ್ಪಿಯನ್ನು ಕೆರೆಗೆ ಬಿಡುವುದಾಗಲಿ ಕತ್ತರಿಸಿದ ಗಿಡವನ್ನು ಕಣಿಗೆ ಎಸೆಯುವುದಾಗಲಿ ಮಾಡಬಾರದು.

ಅಳಿಯನ ಉಳಿದ ಎರಡು ಗಪ್ಪಿ ಅಲ್ಲಿಯವರೆಗೆ ಹೈಡ್ರಿಲ್ಲಾ ತುಂಬಿದ ಬಾಲ್ದಿಯಲ್ಲಿ ಜಗಲಿಯ ಮೂಲೆಯಲ್ಲಿದ್ದವು, ಜೂನ್ ಮೊದಲ ಮಳೆಗೆ ಹೊಸ ತೊಟ್ಟಿಗೆ ಹೋದವು. ಈಗ ಹದಿನೈದು ದಿನಕ್ಕೊಮ್ಮೆ ವಿಸ್ಟೀರಿಯಾ ಕತ್ತರಿಸಿ ಅಟ್ಟದ ಮೇಲೆ, ಹೊಗೆ ತಾಗುವಲ್ಲಿ ಒಣಗಲು ಹಾಕುತ್ತಾನೆ. ಬಾಲ್ದಿ ತುಂಬ ಇದ್ದದ್ದು ಒಣಗಿ ಒಂದು ಹಿಡಿಯಾಗುತ್ತದೆ. ಅದು ಅಜ್ಜಿಯ ಮಲ್ಲಿಗೆ ಬುಡಕ್ಕೆ.